ಚಂದನಳ ಹಿಂದೆ ಕೂತ ಇಂಜಿನಿಯರ್

ತೂಬಗೆರೆ ಹೋಬಳಿಯ ಆಂಜಿನಪ್ಪನವರ ಮಗಳು ಚಂದನ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವಳು. ಮಾಡುತ್ತಿದ್ದದ್ದೂ ಇಂಜಿನಿಯರ್ ಕೆಲಸವೇ. ಕೊರಳಲ್ಲಿ ನೇತಾಡುವ ಕಾರ್ಡಿನ ಮೇಲೆ ‘ಸರ್ವೀಸ್ ಇಂಜಿನಿಯರ್’ ಎಂದು ಅಚ್ಚಾಗಿತ್ತು. ಆದರೆ ಆ ಕಾರ್ಡು ಓದುವಷ್ಟು ಹತ್ತಿರಕ್ಕೆ ಯಾರೂ ಬರುತ್ತಿರಲಿಲ್ಲ. ಏಕೆಂದರೆ ಜನ ಬರುವ ಹೊತ್ತಿಗೆ ಅವಳು ಯಂತ್ರದ ಕೆಳಗೆ ಅಂಗಾತ ಮಲಗಿರುತ್ತಿದ್ದಳು.

ಯಂತ್ರವೆಂದರೆ ಹಾಲನ್ನು ತಣ್ಣಗಿಡುವ ಯಂತ್ರ. ಈಗ ಊರೂರಿನ ಹಾಲಿನ ಡೈರಿಯಲ್ಲೂ ಒಂದೊಂದು ಇದೆ. ಎಮ್ಮೆ ಮಲಗಿದಂತೆ ಕಾಣುವ ಸ್ಟೀಲಿನ ದೊಡ್ಡ ತೊಟ್ಟಿ, ಪಕ್ಕದಲ್ಲಿ ಗುರುಗುಟ್ಟುವ ಕಂಪ್ರೆಸರ್. ಬೆಳಗ್ಗೆ ಸಂಜೆ ಜನ ತಂದು ಅಳೆದ ಹಾಲು ಅದರೊಳಗೆ ಬೀಳುತ್ತದೆ, ಟ್ಯಾಂಕರ್ ಬರುವವರೆಗೆ ಕೆಡದೆ ಇರುತ್ತದೆ. ಯಂತ್ರ ನಿಂತಿತೋ, ಹಾಲು ಒಡೆಯುತ್ತದೆ. ಹಾಲು ಒಡೆದರೆ ಸೆಕ್ರೆಟರಿ ಊರು ಬಿಟ್ಟು ಓಡುವುದೊಂದು ಬಾಕಿ. ಅಂಥ ಹೊತ್ತಿಗೆ ಕಂಪನಿಗೆ ಫೋನ್ ಹೋಗುತ್ತದೆ, ಕಂಪನಿಯಿಂದ ಚಂದನಳಿಗೆ ಫೋನ್ ಬರುತ್ತದೆ. ಅವಳು ಸ್ಪ್ಯಾನರ್ ಚೀಲ ಹೆಗಲಿಗೆ ಹಾಕಿಕೊಂಡು ಸ್ಕೂಟರ್ ಹತ್ತುತ್ತಾಳೆ.

ಅಲ್ಲಿ ಅವಳನ್ನು ಸ್ವಾಗತಿಸುವ ಮಾತು ಎಲ್ಲ ಊರಲ್ಲೂ ಒಂದೇ.

“ಇಂಜಿನಿಯರ್ ಯಾವಾಗ ಬರ್ತಾರಮ್ಮ?”

“ನಾನೇ ಇಂಜಿನಿಯರ್ರು.”

“ಆಗ್ಲಿ ಬಿಡಮ್ಮ, ಅವ್ರು ಬರೋವರ್ಗೂ ನೀನೇ ಬಿಚ್ಚಿಟ್ಟಿರು.”

ಅವಳು ಬಿಚ್ಚುತ್ತಿದ್ದಳು, ಒರೆಸುತ್ತಿದ್ದಳು, ಕೆಟ್ಟದ್ದನ್ನು ತೆಗೆದು ಹೊಸದು ಕೂರಿಸುತ್ತಿದ್ದಳು. ಯಂತ್ರ ಮತ್ತೆ ಗುರುಗುಟ್ಟಿದರೆ ಊರವರು ನಿಟ್ಟುಸಿರು ಬಿಟ್ಟು, “ನೋಡ್ರಪ್ಪ, ಇಂಜಿನಿಯರ್ ಬರೋದ್ರೊಳಗೆ ತಾನಾಗೇ ಸರಿಹೋಯ್ತು” ಎನ್ನುತ್ತಿದ್ದರು. ಒಂದು ಊರಲ್ಲಂತೂ ಯಂತ್ರಕ್ಕೆ ದೃಷ್ಟಿ ತೆಗೆದದ್ದರಿಂದಲೇ ಸರಿಹೋಯಿತೆಂದು ತೀರ್ಮಾನವಾಗಿ, ದೃಷ್ಟಿ ತೆಗೆದ ಅಜ್ಜಿಗೆ ಕಾಫಿ ಕೊಟ್ಟರು. ಚಂದನಳಿಗೂ ಅದರಲ್ಲೇ ಅರ್ಧ ಲೋಟ ಸಿಕ್ಕಿತು.

ಇಷ್ಟಾದರೂ ಅವಳಿಗೆ ಆ ಕೆಲಸ ಇಷ್ಟ. ಯಾಕೆ ಇಷ್ಟ ಎಂದು ಕೇಳಿದರೆ ಹೇಳಲು ಬಾರದು. ಮನೆಯಲ್ಲಿ ಒಂದೆರಡು ಸಲ ಹೇಳಲು ಹೋಗಿ, ಅರ್ಧಕ್ಕೇ ಮಾತು ನಿಂತು, ಸಾರಿಗೆ ಉಪ್ಪು ಸಾಲದು ಎಂದು ಬೇರೆಲ್ಲಿಗೋ ತಿರುಗಿಸಿದ್ದಳು.

ಅಪ್ಪ ಆಂಜಿನಪ್ಪನವರಿಗೆ ಮಾತ್ರ ಮಾತಿನ ಬರವಿರಲಿಲ್ಲ. ದ್ರಾಕ್ಷಿ ತೋಟ, ಒಂದಿಷ್ಟು ರಾಗಿ ಹೊಲ, ಊರಲ್ಲಿ ನಾಲ್ಕು ಜನ ಎದ್ದು ನಿಲ್ಲುವಷ್ಟು ಮರ್ಯಾದೆ ಇದ್ದ ಮನುಷ್ಯ. ಅವರ ಪ್ರಕಾರ ಇಂಜಿನಿಯರ್ ಎಂದರೆ ಹೇಳುವವನೇ ಹೊರತು ಮಾಡುವವನಲ್ಲ. ರಸ್ತೆ ಇಂಜಿನಿಯರ್ ಎಂದಾದರೂ ಜಲ್ಲಿ ಹೊತ್ತದ್ದುಂಟೆ? ಕರೆಂಟ್ ಇಂಜಿನಿಯರ್ ಕಂಬ ಹತ್ತಿದ್ದುಂಟೆ? “ಬಿಇ ಓದ್ಸಿದ್ದು ನೀನು ನೆಲದ ಮೇಲೆ ಹೊರಳಾಡ್ಲಿ ಅಂತಾನಾ?” ಎಂದು ದಿನಕ್ಕೊಮ್ಮೆ ಕೇಳುತ್ತಿದ್ದರು. ಗಂಡಿನ ಕಡೆಯವರು ಬಂದಾಗ ಉಗುರಲ್ಲಿ ಗ್ರೀಸ್ ಕಂಡರೆ ಏನು ಗತಿ ಎಂಬುದು ಅವರ ಎರಡನೆಯ ಚಿಂತೆ.

ಹೀಗಿರುವಾಗ ಕಂಪನಿಯ ಪೀಣ್ಯದ ಆಫೀಸಿನಿಂದ ಮ್ಯಾನೇಜರ್ ಪ್ರಮೋದಾ ಫೋನ್ ಮಾಡಿದರು. ಆಫೀಸಿನಲ್ಲಿ ಒಂದು ಕುರ್ಚಿ ಖಾಲಿಯಾಗಿದೆ, ಊರುಗಳಿಂದ ಬರುವ ದೂರು ಕೇಳಿಸಿಕೊಂಡು, ಯಾವ ಊರಿಗೆ ಯಾರು ಹೋಗಬೇಕೆಂದು ಹೇಳುವ ಕೆಲಸ, ಎಸಿ ರೂಮು, ಎಲ್ಲರೂ ‘ಮೇಡಂ’ ಎನ್ನುತ್ತಾರೆ. ಯೋಚನೆ ಮಾಡಿ ಹೇಳು ಎಂದು ಒಂದಿಷ್ಟು ದಿನ ಕೊಟ್ಟರು. ಆಂಜಿನಪ್ಪನವರಿಗೆ ಯೋಚನೆ ಮಾಡಲು ಏನೂ ಕಾಣಲಿಲ್ಲ. ಮಗಳು ಮಾತ್ರ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

“ಏನೇ ಆಗ್ಲಿ, ತೂಗಿ ನೋಡ್ಬೇಕು” ಎಂದರು ಆಂಜಿನಪ್ಪ ಕೊನೆಗೆ. “ನಾಳೆ ನಾನೂ ನಿನ್ ಜೊತೆ ಬರ್ತೀನಿ. ಆ ಕೆಲ್ಸ ಎಂಥದ್ದು ಅಂತ ನನ್ ಕಣ್ಣಾರೆ ನೋಡ್ತೀನಿ. ಆಮೇಲೆ ನೀನು ಬಾಯ್ ಬಿಡಂಗಿಲ್ಲ.”

“ಹೋಗಿ ಹೋಗಿ, ರಾಗಿ ತೂಗ್ದಂಗೆ ತೂಗ್ಕೊಂಡ್ ಬನ್ನಿ” ಎಂದಳು ಅಮ್ಮ ಸಪ್ಪಲಮ್ಮ ಒಲೆಯ ಮುಂದಿನಿಂದ.

ಮಾರನೆಯ ಬೆಳಗ್ಗೆ ಆಂಜಿನಪ್ಪ ಇಸ್ತ್ರಿ ಮಾಡಿದ ಬಿಳಿ ಷರಟು ತೊಟ್ಟು, ತಂಗಿಯ ಮಗನ ಮದುವೆಗೆ ಹೊಲಿಸಿದ ಪ್ಯಾಂಟು ಹಾಕಿ, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಸ್ಕೂಟರಿನ ಹಿಂದೆ ಕೂತರು. ಪೆನ್ನು ಯಾಕೆ ಎಂದು ಚಂದನ ಕೇಳಲಿಲ್ಲ. ಅವರ ವಯಸ್ಸಿನ ಗಂಡಸರಿಗೆ ಊರು ದಾಟಬೇಕಾದರೆ ಜೇಬಲ್ಲೊಂದು ಪೆನ್ನು ಬೇಕೇ ಬೇಕು.

ಮೊದಲು ಹೋದದ್ದು ತ್ಯಾಮಗೊಂಡ್ಲು ಕಡೆಯ ಒಂದು ಹಳ್ಳಿಗೆ. ಹಳ್ಳಿಯ ಹೆಸರು ಹೇಳುವುದು ಬೇಡ. ಅಲ್ಲಿಯ ಡೈರಿ ಸೆಕ್ರೆಟರಿ ಮುನಿಕೃಷ್ಣ ಒಳ್ಳೆಯ ಮನುಷ್ಯ, ನೊಂದುಕೊಳ್ಳುತ್ತಾನೆ. ಸ್ಕೂಟರ್ ನಿಂತದ್ದೇ ಅವನು ಓಡಿ ಬಂದ. ಚಂದನ ಹೆಲ್ಮೆಟ್ ತೆಗೆಯುವ ಮೊದಲೇ ಅವಳನ್ನು ದಾಟಿ ಹಿಂದಕ್ಕೆ ಹೋಗಿ, ಆಂಜಿನಪ್ಪನವರಿಗೆ ಎರಡೂ ಕೈ ಜೋಡಿಸಿದ.

“ಅಂತೂ ಬಂದ್ರಲ್ಲ ಸಾರ್. ಈ ಹುಡ್ಗೀನೇ ಎಷ್ಟ್ ಸಲ ಕಳಿಸ್ತೀರಾ ಅಂತ ನಾವೂ ಕಾಯ್ತಾನೇ ಇದ್ವಿ.”

ನಿಜ ಹೇಳಬೇಕೆಂದರೆ ಆಂಜಿನಪ್ಪ ಅಲ್ಲ ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಕುರ್ಚಿ ಬಂತು. ಕುರ್ಚಿಯಲ್ಲಿ ಕೂತ ಮೇಲೆ ಅಲ್ಲ ಎನ್ನೋಣ ಎಂದುಕೊಂಡರು, ಕಾಫಿ ಬಂತು. ಕಾಫಿ ಕುಡಿದ ಮೇಲೆ ಅಲ್ಲ ಎನ್ನುವುದು ಯಾವ ಮನುಷ್ಯನಿಗೂ ಕಷ್ಟ. ಬಿಸ್ಕತ್ತಿನ ತಟ್ಟೆ ಬರುವ ಹೊತ್ತಿಗೆ ಅವರು ಕಾಲ ಮೇಲೆ ಕಾಲು ಹಾಕಿ, ಒಳಗಿದ್ದ ಮಗಳ ಕಡೆ ಗದ್ದ ಎತ್ತಿ, “ನೋಡ್ತಾ ಅವ್ಳೆ, ಮಾಡ್ತಾಳೆ” ಎಂದರು.

ಸಂಜೆ ವಾಪಸು ಬರುವಾಗ ಚಂದನ, “ಅಪ್ಪ, ಹೇಳ್ಬಾರ್ದಿತ್ತಾ?” ಎಂದಳು.

“ಹೇಳೋಣ ಅಂತಾನೇ ಇದ್ದೆ ಕಣಮ್ಮ. ಪಾಪ, ಅಷ್ಟು ಆಸೆಯಿಂದ ಕರದ್ರು.”

ಕೆಲಸ ತೂಗಿ ನೋಡಲು ಒಂದು ದಿನ ಸಾಲದು ಎಂದು ಆಂಜಿನಪ್ಪ ಮರುದಿನವೂ ಹೊರಟರು. ಅದರ ಮರುದಿನವೂ. ದ್ರಾಕ್ಷಿ ತೋಟದ ಔಷಧಿ ಸಿಂಪಡಣೆ ಸಪ್ಪಲಮ್ಮನ ತಲೆಗೆ ಬಂತು. ಮಗಳು ಯಂತ್ರದ ಕೆಳಗೆ, ಅಪ್ಪ ಕುರ್ಚಿಯ ಮೇಲೆ. ಊರವರಿಗೆ ಈಗ ಎಲ್ಲವೂ ಅರ್ಥವಾಗುತ್ತಿತ್ತು: ಇವರು ಇಂಜಿನಿಯರ್ರು, ಅವಳು ಮೆಕ್ಯಾನಿಕ್ಕು. ಲೋಕ ಇರಬೇಕಾದ ಹಾಗೆ ಇತ್ತು.

ಇಂಜಿನಿಯರ್ ಸಿಕ್ಕಿದ ಮೇಲೆ ಜನ ಹಾಲಿನ ಯಂತ್ರದ ವಿಷಯ ಮಾತ್ರ ಕೇಳಿ ಬಿಡುತ್ತಾರೆಯೇ? ಬಿರುಕು ಬಿಟ್ಟ ಗೋಡೆ ತೋರಿಸಿದರು. ನೀರು ಹರಿಯದ ಚರಂಡಿ ತೋರಿಸಿದರು. ಪದೇ ಪದೇ ಸುಡುವ ಬೋರ್‌ವೆಲ್ ಮೋಟಾರ್ ತೋರಿಸಿದರು. ಆಂಜಿನಪ್ಪ ಎರಡೇ ವಾರದಲ್ಲಿ ಇಂಜಿನಿಯರಿಂಗಿನ ಸಾರವನ್ನೆಲ್ಲ ಒಂದು ಮಾತಿಗೆ ಇಳಿಸಿಕೊಂಡಿದ್ದರು. ತೋರಿಸಿದ್ದನ್ನು ಸ್ವಲ್ಪ ಹೊತ್ತು ನೋಡುವುದು, ಕೈ ಹಿಂದಕ್ಕೆ ಕಟ್ಟುವುದು, “ಲೋಡ್ ಜಾಸ್ತಿ ಆಗಿದೆ” ಎನ್ನುವುದು. ಗೋಡೆಗೂ ಲೋಡ್ ಜಾಸ್ತಿ, ಮೋಟಾರಿಗೂ ಲೋಡ್ ಜಾಸ್ತಿ. ಒಬ್ಬ ಅಜ್ಜಿ ಮಂಡಿ ನೋವೆಂದು ಬಂದಾಗಲೂ ಅದನ್ನೇ ಹೇಳಿದರು. ಅಜ್ಜಿ, ದೊಡ್ಡಬಳ್ಳಾಪುರದ ಡಾಕ್ಟರೂ ಹೀಗೇ ಹೇಳಿದ್ದರೆಂದು ಕೈ ಮುಗಿದು ಹೋದಳು.

ಅವರನ್ನು ಯಾರೂ ನಂಬದ ಜಾಗ ಒಂದೇ ಒಂದು. ಚನ್ನರಾಯಪಟ್ಟಣ ಹೋಬಳಿಯ ಒಂದು ಊರಿಗೆ ಹೋದಾಗ, ಬಿಳಿ ಷರಟು ಮತ್ತು ಪೆನ್ನು ಕಂಡು ಡೈರಿ ಮುಂದಿದ್ದವರು ಒಬ್ಬೊಬ್ಬರಾಗಿ ಎದ್ದು ಬಂದು ಸುತ್ತ ನಿಂತರು. ಕಾರ್ಖಾನೆಗಳಿಗೆಂದು ತಮ್ಮ ಜಮೀನು ಸರ್ಕಾರದ ಪಾಲಾಗುತ್ತದೆಂದು ವರ್ಷಗಟ್ಟಲೆ ಧರಣಿ ಕೂತ ಜನ. “ಯಾವ ಇಂಜಿನಿಯರ್ರು? ಅಳತೆಗೆ ಬಂದ್ರಾ?” ಎಂದು ಒಬ್ಬ ಮೆಲ್ಲಗೇ ಕೇಳಿದ. ಆ ಮೆಲ್ಲಗಿನ ದನಿಗೆ ಆಂಜಿನಪ್ಪ ತಟ್ಟನೆ ಮಗಳ ಕಡೆ ಕೈ ತೋರಿಸಿದರು. “ಅಯ್ಯೋ, ನಾನೆಲ್ಲಿ ಇಂಜಿನಿಯರಪ್ಪಾ, ಇಂಜಿನಿಯರ್ ಇವ್ಳು. ನಾನು ಇವ್ಳಪ್ಪ, ಅಷ್ಟೇ” ಎಂದು ಪೆನ್ನನ್ನು ಪ್ಯಾಂಟಿನ ಜೇಬಿಗೆ ಇಳಿಸಿದರು.

ಚಂದನ ಬೆಲ್ಟು ಬಿಗಿಯುತ್ತಿದ್ದವಳು ಆ ಮಾತು ಕೇಳಿದಳು. ತಾನು ಇಂಜಿನಿಯರ್ ಎಂದು ಅಪ್ಪ ನಾಲ್ಕು ಜನರೆದುರು ಹೇಳಿದ್ದು ಅದೇ ಮೊದಲು. ಒದೆ ಬೀಳುವ ಸಂದರ್ಭ ಬಂದರೆ ಮಾತ್ರ ತನಗೆ ಆ ಪದವಿ ಸಿಗುತ್ತದೆ ಎಂದು ಅವಳಿಗೆ ನಗುವೂ ಬಂತು, ಸಂಕಟವೂ ಆಯಿತು. ಸಂಕಟವೇ ಹೆಚ್ಚು.

ಮನೆಯಲ್ಲಿ ಈಗ ಗಾಳಿ ತಿರುಗಿತ್ತು. ಆಫೀಸಿನ ಕುರ್ಚಿಯ ಮಾತೆತ್ತಿದರೆ ಆಂಜಿನಪ್ಪ ಮುಖ ಗಂಟು ಹಾಕುತ್ತಿದ್ದರು.

“ಕುರ್ಚಿ ಮೇಲೆ ಕೂತು ಫೋನ್ ಎತ್ತೋದೂ ಒಂದ್ ಕೆಲ್ಸಾನಾ? ದುಡಿಯೋ ಕೈಗೆ ಇರೋ ಬೆಲೆ ಯಾವ್ದಕ್ಕೈತೆ? ಬಿಡ್ಬೇಡ ಕಣಮ್ಮ ಈ ಕೆಲ್ಸ.”

“ನೀವ್ ಕೂರೋದೂ ಕುರ್ಚಿ ಮೇಲೇ ಅಲ್ವಾ?” ಎಂದಳು ಸಪ್ಪಲಮ್ಮ.

“ನಂದು ಬೇರೆ.”

“ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡ್ದನಂತೆ” ಎಂದು ಸಪ್ಪಲಮ್ಮ ಮುದ್ದೆ ಕೋಲನ್ನು ಪಾತ್ರೆಯ ಅಂಚಿಗೆ ಬಡಿದಳು.

ಚಂದನ ತೂಗುತ್ತಲೇ ಇದ್ದಳು. ಆಫೀಸಿಗೆ ಹೋದರೆ ಕೈ ಸ್ವಚ್ಛವಾಗುತ್ತದೆ, ಜನ ಮೇಡಂ ಎನ್ನುತ್ತಾರೆ. ಆದರೆ ಯಂತ್ರ ಇರುವುದಿಲ್ಲ. ಇಲ್ಲೇ ಇದ್ದರೆ ಯಂತ್ರ ಇರುತ್ತದೆ. ಆದರೆ ಇಂಜಿನಿಯರ್ ಅಪ್ಪ. ಅವಳು ಎಲ್ಲಿದ್ದರೂ, ಆ ಕೆಲಸ ಮಾಡಿದವಳು ಇವಳೇ ಎಂದು ಹೇಳುವವರು ಯಾರೂ ಇರುವುದಿಲ್ಲ. ಅಪ್ಪನಿಂದ ಅನುಕೂಲ ಆಗುತ್ತಿದ್ದುದೂ ನಿಜವೇ: ಮೇನ್ ಸ್ವಿಚ್ ಆರಿಸಿ ಎಂದು ಅವಳು ಹತ್ತು ಸಲ ಕೂಗಿದರೂ ಕೇಳದವರು, ಅಪ್ಪ ಹುಬ್ಬು ಹಾರಿಸಿದರೆ ಆರಿಸುತ್ತಿದ್ದರು. ಅದೇ ಅವಳ ಹೊಟ್ಟೆ ಉರಿಸುತ್ತಿದ್ದದ್ದು. ಪ್ರಮೋದಾ ಮತ್ತೆ ಫೋನ್ ಮಾಡಿ, ಶನಿವಾರ ಸಂಜೆಯೊಳಗೆ ಹೇಳದಿದ್ದರೆ ಕುರ್ಚಿ ಬೇರೆಯವರ ಪಾಲು ಎಂದರು.

ಆ ವಾರವೇ ಮುನಿಕೃಷ್ಣನ ಊರಿನ ಯಂತ್ರದ ಕಂಪ್ರೆಸರ್ ಪೂರ್ತಿ ಕೈಕೊಟ್ಟಿತ್ತು. ಚಂದನ ಅದನ್ನು ಕಳಚಿ, ಬೇರೆ ತರಿಸಿ ಕೂರಿಸಿ, ಗ್ಯಾಸ್ ತುಂಬಿಸಿದಳು. ಊರಿಗೆ ಊರೇ ಸಂತೋಷಪಟ್ಟು, ಇಂಥ ಉಪಕಾರ ಮಾಡಿದ ಇಂಜಿನಿಯರಿಗೆ ಸನ್ಮಾನ ಮಾಡದಿದ್ದರೆ ಹಾಲು ದಕ್ಕುವುದಿಲ್ಲ ಎಂದು ತೀರ್ಮಾನಿಸಿತು. ಶನಿವಾರ ಸಂಜೆಗೆ ನಿಗದಿಯಾಯಿತು. ಡೈರಿಯ ಮುಂದೆ ಫ್ಲೆಕ್ಸ್ ಎದ್ದಿತು: ಆಂಜಿನಪ್ಪನವರ ಮುಖ, ತಲೆಯ ಹಿಂದೆ ಸೂರ್ಯನ ಕಿರಣ, ಕೆಳಗೆ ‘ಖ್ಯಾತ ಇಂಜಿನಿಯರ್’. ಚಂದನಳಿಗೂ ಕರೆ ಬಂತು. ಕಾರ್ಯಕ್ರಮದ ನಡುವೆ ಯಂತ್ರ ನಿಂತುಹೋದರೆ ಅವಮಾನ, ನೋಡಿಕೊಳ್ಳಲು ಒಬ್ಬರು ಒಳಗೆ ಇರಲಿ ಎಂದು.

ಫ್ಲೆಕ್ಸಿನ ಫೋಟೋ ಫೋನಿನಲ್ಲಿ ನೋಡಿದ ದಿನ ಚಂದನ ಅಪ್ಪನಿಗೆ ಕಡ್ಡಿ ಮುರಿದಂತೆ ಹೇಳಿದಳು. “ಸಾಕಪ್ಪ. ಇವತ್ತೇ ಫೋನ್ ಮಾಡಿ ಹೇಳ್ಬಿಡು.”

“ಫೋನಲ್ಲಿ ಹೇಳಿದ್ರೆ ಚೆನ್ನಾಗಿರಲ್ಲ ಕಣಮ್ಮ. ಸ್ಟೇಜ್ ಮೇಲೇ ಹೇಳ್ತೀನಿ. ಎಲ್ಲಾರ್ ಎದ್ರಿಗೂ, ನನ್ ಮಗ್ಳೇ ಇಂಜಿನಿಯರ್ ಅಂತ. ನಿಂಗೂ ಒಂದ್ ಗೌರವ.”

“ಆಣೆ?”

“ನಿನ್ ಮೇಲಾಣೆ.”

ಚಂದನ ನಂಬಿದಳು. ಅಷ್ಟೇ ಅಲ್ಲ, ಮನಸ್ಸಿನಲ್ಲೇ ಒಂದು ತೀರ್ಮಾನ ಮಾಡಿಕೊಂಡಳು. ಅಪ್ಪ ಅಲ್ಲಿ ಹೇಳಿದರೆ ಈ ಕೆಲಸದಲ್ಲಿ ಉಳಿಯುವುದು. ಹೇಳದಿದ್ದರೆ ಪೀಣ್ಯದ ಕುರ್ಚಿ.

ಶನಿವಾರ ಸಂಜೆ ಡೈರಿಯ ಅಂಗಳದಲ್ಲಿ ಶಾಮಿಯಾನ, ಬಣ್ಣದ ಬಲ್ಬುಗಳ ಸೀರಿಯಲ್ ಸೆಟ್, ಆಳೆತ್ತರದ ಸೌಂಡ್ ಬಾಕ್ಸುಗಳು, ನಾಲ್ಕಾರು ದೊಡ್ಡ ಫ್ಯಾನು. ವೈರೆಲ್ಲ ಡೈರಿಯ ಮೀಟರ್ ಬೋರ್ಡಿನಿಂದಲೇ ಬಂದಿತ್ತು. ಜನ ಹಾಲು ಹಾಕಿ, ಖಾಲಿ ಕ್ಯಾನು ಪಕ್ಕದಲ್ಲಿಟ್ಟುಕೊಂಡು ಕುರ್ಚಿ ಹಿಡಿದರು. ಡೈರಿ ಅಧ್ಯಕ್ಷ ಅಪ್ಪಯ್ಯಣ್ಣ ಮೈಕ್ ಮುಂದೆ ನಿಂತು, ಆಂಜಿನಪ್ಪನವರಂಥ ಇಂಜಿನಿಯರ್ ಈ ತಾಲ್ಲೂಕಿನಲ್ಲೇ ಹುಟ್ಟಿಲ್ಲ ಎಂದರು. ಒಂದು ಲೆಕ್ಕಕ್ಕೆ ಅದು ಸತ್ಯವೇ. ಮೈಸೂರು ಪೇಟ ತೊಡಿಸಿದರು, ಶಾಲು ಹೊದಿಸಿದರು. ಹಾರ ಮಾತ್ರ ಭಾಷಣವಾದ ಮೇಲೆ ಎಂದು ತಟ್ಟೆಯಲ್ಲಿ ಉಳಿಯಿತು.

ಆಂಜಿನಪ್ಪ ಮೈಕ್ ಹಿಡಿದರು. ಚಂದನ ಯಂತ್ರದ ಕೋಣೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

“ನಾನು ಈ ಕೆಲಸಕ್ಕೆ ಬಂದಾಗ...” ಎಂದು ಶುರುಮಾಡಿದರು ಆಂಜಿನಪ್ಪ.

ಚಂದನ ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಬಂದಳು. ಯಾವ ಕೆಲಸಕ್ಕೆ ಬಂದಾಗ? ಆದರೆ ಭಾಷಣ ಓಡುತ್ತಿತ್ತು. ಯಂತ್ರವೆಂದರೆ ಮಗುವಿದ್ದಂತೆ, ಯಂತ್ರದ ನಾಡಿ ಹಿಡಿಯಬೇಕು, ಹಗಲೂ ರಾತ್ರಿ ಎನ್ನದೆ ದುಡಿಯಬೇಕು. ಜನ ತಲೆದೂಗುತ್ತಿದ್ದರು. ಮಗಳು ಎಂಬ ಮಾತು ಎಲ್ಲೂ ಬರಲಿಲ್ಲ. ಅಪ್ಪ ಬೇಕೆಂದು ಮೋಸ ಮಾಡುತ್ತಿಲ್ಲ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಆ ಕ್ಷಣಕ್ಕೆ ಅವರು ನಿಜವಾಗಿಯೂ ಇಂಜಿನಿಯರ್ ಆಗಿದ್ದರು, ಅವರಿಗೆ ಮಗಳೇ ಮರೆತುಹೋಗಿದ್ದಳು. ಅವಳು ಅತ್ತಳು. ಕಣ್ಣೊರೆಸಿಕೊಂಡದ್ದು ಗ್ರೀಸಿನ ಬಟ್ಟೆಯಲ್ಲಿ.

ಆಗ ಅವಳ ಬೆನ್ನ ಹಿಂದೆ ಗುರುಗುಟ್ಟುತ್ತಿದ್ದದ್ದು ನಿಂತಿತು.

ಒಳಗೆ ಓಡಿ ನೋಡಿದಳು. ಕಾರಣ ಹುಡುಕಬೇಕಾಗಿಯೇ ಇರಲಿಲ್ಲ. ಬಾಕ್ಸು, ಫ್ಯಾನು, ಸೀರಿಯಲ್ ಸೆಟ್ಟು ಎಲ್ಲ ಸೇರಿ ಕರೆಂಟನ್ನು ಎಳೆದುಕೊಂಡು, ಕಂಪ್ರೆಸರಿಗೆ ಸಿಗಬೇಕಾದದ್ದು ಸಿಗದೆ ಅದು ಕಾದು ನಿಂತುಹೋಗಿತ್ತು. ಇಂಜಿನಿಯರಿಗೆ ಮಾಡುತ್ತಿದ್ದ ಸನ್ಮಾನವೇ ಯಂತ್ರವನ್ನು ನಿಲ್ಲಿಸಿತ್ತು. ತೊಟ್ಟಿಯ ತುಂಬ ಸಂಜೆಯ ಬೆಚ್ಚಗಿನ ಹಾಲು.

ಅವಳು ಹೊರಗೋಡಿ, ಮೀಟರ್ ಬೋರ್ಡಿಗೆ ಅಡ್ಡವಾಗಿ ಕೂತಿದ್ದ ಮೈಕ್ ಸೆಟ್ಟಿನವನಿಗೆ ಎಲ್ಲ ಆರಿಸು ಎಂದಳು. ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ.

“ಇಂಜಿನಿಯರ್ ಸಾಹೇಬ್ರು ಮಾತಾಡ್ತಾ ಇಲ್ವೇನಮ್ಮ? ಅವ್ರು ಹೇಳಿದ್ರೆ ಆರಿಸ್ತೀನಿ.”

ಬೇರೆ ದಾರಿ ಇರಲಿಲ್ಲ. ಚಂದನ ಮೆಟ್ಟಿಲು ಹತ್ತಿ, ಗ್ರೀಸ್ ಮೆತ್ತಿದ ಬಟ್ಟೆಯಲ್ಲೇ ಸ್ಟೇಜಿನ ಮಧ್ಯಕ್ಕೆ ಹೋಗಿ ಅಪ್ಪನ ಕಿವಿಯಲ್ಲಿ, “ಲೋಡ್ ಜಾಸ್ತಿ ಆಗಿದೆ” ಎಂದಳು.

ಆಂಜಿನಪ್ಪ ಮಗಳು ಅಣಕಿಸುತ್ತಿದ್ದಾಳೆಂದು ತಿಳಿದು ಕೆಂಪಗಾದರು. “ನಿಜವಾಗ್ಲೂ ಕಣಪ್ಪ. ಕಂಪ್ರೆಸರ್ ನಿಂತೋಯ್ತು. ಮೈಕ್ ಆರಿಸ್ದೆ ಇದ್ರೆ ಹಾಲು ಒಡ್ದೋಗುತ್ತೆ” ಎಂದಳು. ಅವರು ಒಮ್ಮೆ ಜನರನ್ನು ನೋಡಿದರು, ಒಮ್ಮೆ ಮೈಕನ್ನು ನೋಡಿದರು. ಜೀವಮಾನದ ಮೊದಲ ಭಾಷಣ, ಇನ್ನೂ ಅರ್ಧ ಬಾಕಿ. ಮುಖ ಸಣ್ಣದಾಯಿತು. ಕೊನೆಗೆ, “ಮೈಕ್ ಆರ್ಸಿ. ಲೈಟು, ಫ್ಯಾನು ಎಲ್ಲಾ ಆರ್ಸಿ. ನನಗೆ ಇದೆಲ್ಲ ಬೇಡ” ಎಂದರು.

ಇಂಥ ಸರಳ ಮನುಷ್ಯನನ್ನು ಊರವರು ಕಂಡೇ ಇರಲಿಲ್ಲ. ಚಪ್ಪಾಳೆ ನಿಲ್ಲಲೇ ಇಲ್ಲ. ಚಪ್ಪಾಳೆಯ ನಡುವೆಯೇ ಮೈಕು, ಬಾಕ್ಸು, ಫ್ಯಾನು ಎಲ್ಲ ಆರಿದವು.

ಯಂತ್ರ ನಿಂತಿದೆ ಎಂದು ಆಮೇಲೆ ತಿಳಿದ ಮುನಿಕೃಷ್ಣ ಕಂಗಾಲಾಗಿ ಓಡಿ ಬಂದ. “ಈ ಹುಡ್ಗಿ ಕೈಲಾಗಲ್ಲ ಸಾರ್. ನೀವೇ ಒಂದ್ ಕೈ ನೋಡ್ಬಿಡಿ” ಎಂದು ಆಂಜಿನಪ್ಪನವರನ್ನು ಹೆಚ್ಚು ಕಡಿಮೆ ಎತ್ತಿಕೊಂಡೇ ಬಂದು ಕೋಣೆಯೊಳಗೆ ಬಿಟ್ಟ. ಅಧ್ಯಕ್ಷರೂ ಊರವರೂ ಬಾಗಿಲಲ್ಲಿ, ಕಿಟಕಿಯಲ್ಲಿ ತಲೆ ತೂರಿಸಿ ನಿಂತರು. ಇಂಜಿನಿಯರ್ ಖುದ್ದಾಗಿ ಯಂತ್ರ ಮುಟ್ಟುವುದನ್ನು ನೋಡುವ ಭಾಗ್ಯ ದಿನವೂ ಸಿಗುವುದಿಲ್ಲ.

ಪೇಟ, ಶಾಲು ಸಮೇತ ಆಂಜಿನಪ್ಪ ಯಂತ್ರದ ಮುಂದೆ ನಿಂತು, ತುಟಿ ಅಲುಗಾಡಿಸದೆ ಕೇಳಿದರು. “ಏನ್ ಮಾಡ್ಲಮ್ಮ?”

ಚಂದನ ಆಗಲೇ ಕೈ ಚೆನ್ನಾಗಿ ತೊಳೆದು ಒರೆಸಿಕೊಂಡಿದ್ದಳು. ಯಂತ್ರದ ಪಕ್ಕದ ಕರೆಂಟ್ ಬೋರ್ಡು ಮುಟ್ಟಬೇಕಾದರೆ ಕೈ ಒಣಗಿರಬೇಕು. ಬೋರ್ಡಿನ ಹತ್ತಿರ ಒಬ್ಬರು, ತೊಟ್ಟಿಯ ಕೆಳಗೆ ಪೈಪು ಹಿಡಿದು ಒಬ್ಬರು, ಇಬ್ಬರು ಬೇಕಾಗಿತ್ತು. ಸುಮ್ಮನೆ ನಿಲ್ಲು ಎಂದು ಹೇಳಿ ಅಪ್ಪನ ಮಾನ ಉಳಿಸಬಹುದಿತ್ತು. ಅವಳಿಗೆ ಆಗ ಅಪ್ಪನ ಮೇಲೆ ವಿಪರೀತ ಸಿಟ್ಟಿತ್ತು.

“ಮಲಕ್ಕೋ” ಎಂದಳು.

“ಎಲ್ಲಿ?”

“ನೆಲದ ಮೇಲೆ. ಅಂಗಾತ. ತಲೆ ಒಳಗೆ ಹಾಕು. ದಪ್ಪ ಪೈಪು ಸಿಗುತ್ತೆ, ಅದನ್ನ ಹಿಡ್ಕೊ. ತಣ್ಣಗಾದ್ರೆ ಹೇಳು.”

ಆಂಜಿನಪ್ಪ ಮಗಳ ಮುಖ ನೋಡಿದರು. ಮಂಡಿ ಊರಿ, ಒದ್ದೆ ನೆಲದ ಮೇಲೆ ಮಲಗಿ, ಯಂತ್ರದ ಕೆಳಗೆ ತೂರಿದರು. ಪೇಟ ಕಳಚಿಬಿದ್ದು ಉರುಳಿಕೊಂಡು ಹೋಗಿ ಅಧ್ಯಕ್ಷರ ಕಾಲ ಬಳಿ ನಿಂತಿತು. ಚಂದನ ಬೋರ್ಡಿನ ಮುಂದೆ ನೆಟ್ಟಗೆ ನಿಂತು, “ಬಿಡ್ಬೇಡ, ಗಟ್ಟಿಯಾಗಿ ಹಿಡ್ಕೊ, ಇನ್ನೂ ಒಳಗೆ ಹೋಗು” ಎಂದು ಹೇಳುತ್ತಲೇ ಇದ್ದಳು.

ಬಾಗಿಲಲ್ಲಿ ಗುಸುಗುಸು ಎದ್ದಿತು. ಒಬ್ಬರು ನಿಂತಿದ್ದಾರೆ, ಕೈ ಸ್ವಚ್ಛವಾಗಿದೆ, ಹೇಳುತ್ತಿದ್ದಾರೆ. ಇನ್ನೊಬ್ಬರು ಮಲಗಿದ್ದಾರೆ, ಕೈಯೆಲ್ಲ ಎಣ್ಣೆ, ಹೇಳಿದ್ದು ಮಾಡುತ್ತಿದ್ದಾರೆ. ಹುಟ್ಟಿದಾಗಿನಿಂದ ರಸ್ತೆ ಇಂಜಿನಿಯರ್, ಕರೆಂಟ್ ಇಂಜಿನಿಯರುಗಳನ್ನು ನೋಡಿ ಬೆಳೆದ ಜನಕ್ಕೆ ಇದರಲ್ಲಿ ಅನುಮಾನಪಡಲು ಏನೂ ಇರಲಿಲ್ಲ.

“ಎಂಥಾ ತಪ್ಪಾಗೋಯ್ತಲ್ಲಯ್ಯ” ಎಂದರು ಅಪ್ಪಯ್ಯಣ್ಣ ಸೆಕ್ರೆಟರಿಯ ಕಿವಿಯಲ್ಲಿ, ಇಡೀ ಊರಿಗೆ ಕೇಳುವಂತೆ. “ನಿಂತಿರೋ ಅವ್ರು ಇಂಜಿನಿಯರ್ರು. ಮಲಗಿರೋ ಇವ್ರು ಮೆಕ್ಯಾನಿಕ್ಕು.”

ಮುನಿಕೃಷ್ಣ ಒಳಗೆ ಬಂದ. ಹೊರಗೆ ಚಾಚಿಕೊಂಡಿದ್ದ ಆಂಜಿನಪ್ಪನವರ ಅರ್ಧ ದೇಹದ ಮೇಲಿಂದ ಶಾಲನ್ನು ನಯವಾಗಿ ಎಳೆದುಕೊಂಡು, ಕೊಡವಿ, ಚಂದನಳಿಗೆ ಹೊದಿಸಿದ. ನೆಲದ ಮೇಲಿದ್ದ ಪೇಟ ತೆಗೆದು ಧೂಳು ಊದಿ ಅವಳ ತಲೆಗಿಟ್ಟ. “ಕ್ಷಮಿಸ್ಬೇಕು ಮೇಡಂ. ಗೊತ್ತಾಗ್ಲಿಲ್ಲ” ಎಂದ.

ಚಂದನ ಎಷ್ಟು ದಿನದಿಂದ ಕಾದಿದ್ದ ಗಳಿಗೆ. ಬಂದದ್ದು ಹೀಗೆ: ಅವಳು ಏನೂ ಮಾಡದೆ ಸುಮ್ಮನೆ ನಿಂತಿದ್ದಾಗ. ಅವಳಿಗೆ ನಾಚಿಕೆಯಾಯಿತು. ಪೇಟ ದೊಡ್ಡದಾಗಿ ಕಣ್ಣಿಗೇ ಇಳಿಯುತ್ತಿತ್ತು. ಅವಳು ಸ್ವಿಚ್ ಒತ್ತಿದಳು, ಯಂತ್ರ ಕೆಮ್ಮಿ ಗುರುಗುಟ್ಟಿತು. ಎಲ್ಲರೂ ಕಾದರು.

ಯಂತ್ರದ ಕೆಳಗಿನಿಂದ ಆಂಜಿನಪ್ಪನವರ ದನಿ ಬಂತು. ಅದು ಇಂಜಿನಿಯರ್ ದನಿ ಆಗಿರಲಿಲ್ಲ.

“ಚಂದೂ, ತಣ್ಣಗಾಗ್ತಾ ಐತೆ ಕಣಮ್ಮ. ಬೆಚ್ಚಗಿದ್ದಿದ್ದು ನನ್ ಕೈಯಾಗೇ ತಣ್ಣಗಾಗ್ತಾ ಐತೆ. ಪೈಪಿನ್ ಮೇಲೆಲ್ಲಾ ನೀರಿನ ಹನಿ ಕಟ್ತಾ ಐತೆ. ಅಯ್ಯೋ, ಬಾ ಇಲ್ಲಿ, ನೋಡು ಬಾ.”

ಹೇಳಲು ಬಾರದೆ ಅವಳು ಅರ್ಧಕ್ಕೇ ನಿಲ್ಲಿಸುತ್ತಿದ್ದ ಮಾತು ಇದೇ. ಸತ್ತಂತೆ ಬಿದ್ದಿದ್ದದ್ದು ತನ್ನ ಅಂಗೈ ಕೆಳಗೆ ಬದುಕಿಕೊಳ್ಳುವುದು. ಚಂದನಳ ಸಿಟ್ಟು ಅಲ್ಲೇ ಇಳಿದುಹೋಯಿತು. ಅವಳು ಪೇಟ ತೆಗೆದು ಬೋರ್ಡಿನ ಮೇಲಿಟ್ಟು, ಶಾಲು ಹೊದ್ದುಕೊಂಡೇ ನೆಲಕ್ಕೆ ಬಿದ್ದು ಅಪ್ಪನ ಪಕ್ಕಕ್ಕೆ ತೂರಿಕೊಂಡಳು. ಇಬ್ಬರೂ ಒಂದೇ ಪೈಪು ಹಿಡಿದು ಮಲಗಿದರು.

ಅಷ್ಟರಲ್ಲಿ ಕಿಟಕಿಯಲ್ಲಿಟ್ಟಿದ್ದ ಅವಳ ಫೋನ್ ಬಡಿದುಕೊಂಡಿತು. ಮುನಿಕೃಷ್ಣ ಅದನ್ನೆತ್ತಿ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಒತ್ತಿ, ಯಂತ್ರದ ಕೆಳಗೆ ಹಿಡಿದ.

“ಚಂದನ, ಏನ್ ಡಿಸೈಡ್ ಮಾಡ್ದೆ?” ಪ್ರಮೋದಾ ಕೇಳಿದರು. “ಸೀಟ್ ಖಾಲಿ ಇಟ್ಕೊಂಡು ಕೂತಿದೀನಿ.”

“ಬೇರೆಯವ್ರಿಗೆ ಕೊಟ್ಬಿಡಿ ಮೇಡಂ. ನಾನು ಇಲ್ಲೇ ಇರ್ತೀನಿ.”

“ಇಲ್ಲೇ ಅಂದ್ರೆ ಎಲ್ಲಿ?”

“ನೆಲದ ಮೇಲೆ ಮೇಡಂ.”

ಫೋನ್ ಕಟ್ಟಾಯಿತು. ಮುನಿಕೃಷ್ಣ ಅಧ್ಯಕ್ಷರನ್ನು ನೋಡಿದ, ಅಧ್ಯಕ್ಷರು ಊರವರನ್ನು ನೋಡಿದರು. ಕೊಟ್ಟ ಕುರ್ಚಿ ಬೇಡ ಎನ್ನುವವಳು ಇಂಜಿನಿಯರ್ ಆಗಿರಲು ಸಾಧ್ಯವೇ ಇಲ್ಲ. ಹಾಗಾದರೆ ಇಬ್ಬರೂ ಮೆಕ್ಯಾನಿಕ್ಕುಗಳೇ. ಇಂಜಿನಿಯರ್ ಬಂದೇ ಇಲ್ಲ. ತಂದ ಹಾರ ಬಾಡುತ್ತಿತ್ತು, ಅದನ್ನು ವಾಪಸು ಕೊಂಡೊಯ್ಯುವುದು ಅಶುಭ. ಕೊನೆಗೆ ಅಪ್ಪಯ್ಯಣ್ಣ ತಾವೇ ಹಾರ ತಂದು ಯಂತ್ರಕ್ಕೆ ಹಾಕಿದರು. ಯಾರೋ ಅರಿಶಿನ ಕುಂಕುಮ ಇಟ್ಟರು, ಯಾರೋ ತೆಂಗಿನಕಾಯಿ ಒಡೆದರು. ಕಾಯಿ ನೀರು ಕೆಳಗಿದ್ದ ಇಬ್ಬರ ಮೇಲೂ ಬಿತ್ತು.

ವಾಪಸು ಬರುವಾಗ ಇನ್ನೂ ಮಬ್ಬು ಬೆಳಕಿತ್ತು. ಸ್ಕೂಟರ್ ದೊಡ್ಡಬಳ್ಳಾಪುರ ದಾಟಿತು.

“ಹೇಳ್ಬೇಕು ಅಂತಾನೇ ಹತ್ತಿದ್ದೆ ಕಣಮ್ಮ ಸ್ಟೇಜು. ಬಾಯಿಗ್ ಬರ್ಲಿಲ್ಲ” ಎಂದರು ಆಂಜಿನಪ್ಪ.

“ಗೊತ್ತಪ್ಪ.”

“ದಿನಾ ಹಂಗೇ ತಣ್ಣಗಾಗುತ್ತಾ?”

“ದಿನಾ ಆಗಲ್ಲ. ಒಂದೊಂದಿನ ಏನ್ ಮಾಡಿದ್ರೂ ಆಗಲ್ಲ.”

“ಆದಾಗ ನಿಂಗೂ ಹಂಗೇ ಅನ್ಸುತ್ತಾ?”

“ಹೂಂ.”

ಆಂಜಿನಪ್ಪನವರ ಮನಸ್ಸು ಹಗುರವಾಯಿತು. ತೂಬಗೆರೆ ರಸ್ತೆಗೆ ತಿರುಗುವಾಗ ಮುಂದಕ್ಕೆ ಬಾಗಿ, ಹಬ್ಬಕ್ಕೆ ಕರೆಯುವವರ ದನಿಯಲ್ಲಿ ಕೇಳಿದರು. “ಸೋಮವಾರ ಯಾವೂರು? ನಂಗೂ ಒಂದ್ ಸ್ಪ್ಯಾನರ್ ಕೊಡು. ಕುರ್ಚಿ ಮೇಲ್ ಕೂರಲ್ಲ, ಆಣೆ.”

ಚಂದನ ಸ್ವಲ್ಪ ದೂರ ಸ್ಕೂಟರ್ ಓಡಿಸಿದಳು. ಬಾ ಎಂದರೆ ಅಪ್ಪನಿಗೆ ಎಷ್ಟು ಖುಷಿಯಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅಪ್ಪ ಸ್ಪ್ಯಾನರ್ ಹಿಡಿದು ಬಂದರೂ ಊರವರು ಮೊದಲು ಕೈ ಮುಗಿಯುವುದು ಅಪ್ಪನಿಗೇ ಎಂಬುದೂ ಗೊತ್ತಿತ್ತು. ಅವಳಿಗೆ ಅಪ್ಪನ ಮೇಲೆ ಇವತ್ತಿನಷ್ಟು ಪ್ರೀತಿ ಎಂದೂ ಬಂದಿರಲಿಲ್ಲ.

“ಸೋಮವಾರ ನಾನೊಬ್ಳೇ ಹೋಗ್ತೀನಪ್ಪ” ಎಂದಳು.

ಹಿಂದೆ ಕೂತವರು ಮುಂದಕ್ಕೆ ಬಾಗಿದ್ದ ಮೈಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡರು. ಆಮೇಲೆ, “ಹೂಂ ಕಣಮ್ಮ, ಹೋಗ್ಬಾ” ಎಂದರು.